ಮರುಭೂಮಿ ದಾಟುವ ದೋಣಿಗಳು

ಕಣ್ಣು ಹಾಯಿಸಿದ ಕಡೆಯೆಲ್ಲ ಬಂಡೆಗಳು. ಆನೆಯಷ್ಟು, ಮನೆಯಷ್ಟು ದೊಡ್ಡವು. ಕೆಲವು ಕಡೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿವೆ. ಅವುಗಳ ಸಂದಿಯಲ್ಲಿ ಕಂಬದಂತೆ ನೆಟ್ಟಗೆ ಎದ್ದ ‘ಕಾರ್ದೋನ್’ ಕಳ್ಳಿಗಳು. ನಡುನಡುವೆ, ತಲೆಕೆಳಗಾಗಿ ನೆಟ್ಟ ಮೂಲಂಗಿಯಂತೆ ಕಾಣುವ ‘ಸಿರಿಯೊ’ ಎಂಬ ವಿಚಿತ್ರ ಮರ. ಸ್ಪ್ಯಾನಿಷ್ ಭಾಷೆಯಲ್ಲಿ ಸಿರಿಯೊ ಎಂದರೆ ಚರ್ಚಿನಲ್ಲಿ ಹಚ್ಚುವ ಉದ್ದನೆಯ ಮೇಣದ ಬತ್ತಿ. ನೆರಳೆಂಬುದಿಲ್ಲ, ನೀರಿನ ಸುಳಿವಿಲ್ಲ. ಇಂಥ ಜಾಗದಲ್ಲಿ ರಸ್ತೆಯ ತಿರುವಿನಿಂದ ಒಂದು ಬಿಳಿಯ ದೋಣಿ ತೇಲಿ ಬರುತ್ತದೆ!

ಹತ್ತಿರ ಬಂದಾಗ ತಿಳಿಯುತ್ತದೆ, ಅದು ತೇಲುತ್ತಿಲ್ಲ. ಪಿಕಪ್ ವಾಹನದ ಹಿಂದೆ, ಟ್ರೇಲರ್ ಮೇಲೆ ಬಿಗಿಯಾಗಿ ಕಟ್ಟಿಸಿಕೊಂಡು ಉರುಳುತ್ತಿದೆ. ಮೆಕ್ಸಿಕೊ ದೇಶದ ವಾಯವ್ಯ ಮೂಲೆಯಲ್ಲಿ ಬೆರಳಿನಂತೆ ಸಮುದ್ರಕ್ಕೆ ಚಾಚಿಕೊಂಡ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದ ನಡುಭಾಗದ ಕತವೀನ್ಯಾ ಎಂಬ ಪುಟ್ಟ ಊರಿನ ಬಳಿ ಇದು ಅಪರೂಪದ ನೋಟವೇನಲ್ಲ. ಉತ್ತರದ ಅಮೆರಿಕದಿಂದ ಗಡಿ ದಾಟಿ ಬರುವ ಮೀನು ಬೇಟೆಯ ಹುಚ್ಚಿನವರು, ನೂರಾರು ಕಿಲೋಮೀಟರ್ ಒಣನೆಲದ ಮೇಲೆ ತಮ್ಮ ದೋಣಿಗಳನ್ನು ಎಳೆದು ತರುತ್ತಾರೆ. ಆ ದೋಣಿ ನೀರು ಮುಟ್ಟುವುದೋ ಇಲ್ಲವೋ ಎಂಬುದು ನಾವಿಕನ ಜಾಣ್ಮೆಯ ಮೇಲಾಗಲಿ, ಎಂಜಿನ್ನಿನ ಕುದುರೆಶಕ್ತಿಯ ಮೇಲಾಗಲಿ ನಿಂತಿಲ್ಲ. ಅಡಿಯಲ್ಲಿರುವ ಎರಡು ಟೈರುಗಳ ಮೇಲೆ ನಿಂತಿದೆ.

ಇಷ್ಟೆಲ್ಲ ಪಾಡು ಯಾತಕ್ಕೆ? ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಪರ್ಯಾಯ ದ್ವೀಪದ ಪಶ್ಚಿಮಕ್ಕೆ ತಣ್ಣನೆಯ ಪೆಸಿಫಿಕ್ ಸಾಗರ. ಪೂರ್ವಕ್ಕೆ, ಮೆಕ್ಸಿಕೊದ ಮುಖ್ಯ ಭೂಭಾಗಕ್ಕೂ ಇದಕ್ಕೂ ನಡುವೆ, ಸುಮಾರು 1,100 ಕಿ.ಮೀ. ಉದ್ದದ ಒಳಗಡಲು. ಅದೇ ಕಾರ್ಟೆಸ್ ಸಮುದ್ರ. ತಿಮಿಂಗಿಲ, ಡಾಲ್ಫಿನ್, ಕಡಲಸಿಂಹ, ಬಗೆಬಗೆಯ ಮೀನುಗಳ ತವರು. ಇಲ್ಲಿನ ದ್ವೀಪಗಳೂ ಸಂರಕ್ಷಿತ ಪ್ರದೇಶಗಳೂ 2005ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. (‘ವಕೀತಾ’ ಎಂಬ ಪುಟಾಣಿ ಕಡಲಹಂದಿ ಅಳಿವಿನಂಚಿಗೆ ಬಂದದ್ದರಿಂದ 2019ರಲ್ಲಿ ಇವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿಸಬೇಕಾಯಿತು.)

ಸ್ಯಾನ್ ಡಿಯಾಗೊದಿಂದ ಈ ಒಳಗಡಲಿಗೆ ನೀರಿನ ದಾರಿಯಲ್ಲೇ ಹೋಗಬೇಕೆಂದರೆ ಇಡೀ ಪರ್ಯಾಯ ದ್ವೀಪದ ತುದಿಯನ್ನು ಸುತ್ತಿ ಮತ್ತೆ ಉತ್ತರಕ್ಕೆ ಏರಬೇಕು. ಹೋಗುವಾಗ ವಾಯವ್ಯದ ಗಾಳಿ ಬೆನ್ನಿಗಿರುತ್ತದೆ. ಮರಳುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಲೇಖಕ ಜಾನ್ ಸ್ಟೈನ್‌ಬೆಕ್ ತನ್ನ ಗೆಳೆಯ, ಜೀವವಿಜ್ಞಾನಿ ಎಡ್ ರಿಕೆಟ್ಸ್ ಜೊತೆ 1940ರಲ್ಲಿ ಇಲ್ಲಿಗೆ ಬಂದಾಗ ಹಿಡಿದದ್ದು ಈ ದಾರಿಯನ್ನೇ. ಅವರ ‘ವೆಸ್ಟರ್ನ್ ಫ್ಲೈಯರ್’ ಮೀನುಗಾರಿಕೆಗೆ ಕಟ್ಟಿದ ಗಟ್ಟಿ ಹಡಗು. ಹತ್ತೊಂಬತ್ತು ಅಡಿಯ ಫೈಬರ್ ದೋಣಿಯವರು ಆ ಸಾಹಸಕ್ಕೆ ಕೈಹಾಕುವಂತಿಲ್ಲ.

ಅಂಥವರಿಗೆ ಬಾಗಿಲು ತೆರೆದದ್ದು 1973ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಪರ್ಯಾಯ ದ್ವೀಪದ ಬಹುಭಾಗದಲ್ಲಿ ಇದ್ದದ್ದು ಕಲ್ಲು-ಮಣ್ಣಿನ ಜಾಡು ಮಾತ್ರ. ಆ ಜಾಡು ಎಷ್ಟು ಕೆಟ್ಟದಾಗಿತ್ತೆಂದರೆ, ಅದನ್ನು ದಾಟುವುದನ್ನೇ ಪಂದ್ಯವಾಗಿಸಿ 1967ರಿಂದ ಮೋಟಾರು ರೇಸ್ ನಡೆಸತೊಡಗಿದ್ದರು. 73ರಲ್ಲಿ ತಿಹುವಾನಾದಿಂದ ದಕ್ಷಿಣದ ತುದಿಯ ಕಾಬೊ ಸ್ಯಾನ್ ಲುಕಾಸ್‌ವರೆಗೆ ಸುಮಾರು 1,700 ಕಿ.ಮೀ. ಉದ್ದಕ್ಕೂ ಡಾಂಬರು ಬಿತ್ತು. ಮೆಕ್ಸಿಕೊದ ಒಂದನೆಯ ನಂಬರಿನ ಹೆದ್ದಾರಿ ಇದು.

ಹೆದ್ದಾರಿ ಎಂಬ ಹೆಸರು ಕೇಳಿ ಮೋಸಹೋಗಬಾರದು. ಅನೇಕ ಕಡೆ ಎದುರುಬದುರು ಎರಡು ಟ್ರಕ್ಕುಗಳು ಉಸಿರು ಬಿಗಿಹಿಡಿದು ದಾಟುವಷ್ಟೇ ಅಗಲ. ಡಾಂಬರಿನ ಅಂಚು ಮುಗಿದಲ್ಲಿಗೆ ರಸ್ತೆಯೂ ಮುಗಿಯಿತು. ಪಕ್ಕಕ್ಕೆ ಸರಿದು ನಿಲ್ಲಲು ಒಂದು ಗಜ ಜಾಗವಿಲ್ಲ, ಏರಿಯಿಂದ ಕೆಳಗೆ ನೇರ ಕಲ್ಲು-ಮುಳ್ಳು. ಮಳೆ ಬಂದಾಗ ನೀರು ರಸ್ತೆಯ ಮೇಲೆಯೇ ಹರಿದುಹೋಗಲಿ ಎಂದು ಬಿಟ್ಟ ತಗ್ಗುಗಳಿವೆ. ಅವಕ್ಕೆ ‘ವಾಡೊ’ ಎನ್ನುತ್ತಾರೆ. ಊರು ಬಂತೆಂದರೆ ‘ತೋಪೆ’, ಅಂದರೆ ಹಂಪು. ಕತ್ತಲಾದ ಮೇಲೆ ದನಗಳು ಬೆಚ್ಚನೆಯ ಡಾಂಬರಿನ ಮೇಲೆ ಬಂದು ನಿಲ್ಲುವುದರಿಂದ, ಬಲ್ಲವರು ಸೂರ್ಯ ಮುಳುಗುವ ಮುನ್ನವೇ ಗಾಡಿ ನಿಲ್ಲಿಸುತ್ತಾರೆ.

ಇಂಥ ರಸ್ತೆಯಲ್ಲಿ ಟೈರು ಸಿಡಿಯಿತು ಎಂದುಕೊಳ್ಳಿ. ನಿಲ್ಲಲು ಜಾಗವಿಲ್ಲ, ನಿಲ್ಲದೆ ಗತಿಯಿಲ್ಲ. ಹಿಂದಿನ ತಿರುವಿನಿಂದ ಬರುವ ಟ್ರಕ್ಕಿನ ಚಾಲಕನಿಗೆ ದೋಣಿ ಕಾಣುವುದು ಕೊನೆಯ ಗಳಿಗೆಯಲ್ಲಿ. ಕಿತ್ತುಬಂದ ಟೈರಿನ ಪಟ್ಟಿ ಚಾವಟಿಯಂತೆ ಬೀಸಿ ಮಡ್‌ಗಾರ್ಡನ್ನು, ದೀಪದ ತಂತಿಗಳನ್ನು ಹರಿದುಹಾಕುವುದೂ ಉಂಟು. ಆದ್ದರಿಂದಲೇ ಈ ಪ್ರಯಾಣದ ಅತಿ ಮುಖ್ಯ ನಿರ್ಧಾರ ಆಗುವುದು ಮರುಭೂಮಿಯಲ್ಲಲ್ಲ, ಹೊರಡುವ ಮುಂಚೆ, ಮನೆಯ ಹಿತ್ತಲಲ್ಲಿ.

ಹಿತ್ತಲಿನ ಲೆಕ್ಕ

ಸ್ಯಾನ್ ಡಿಯಾಗೊದಲ್ಲಿ ಒಂದು ಸಂಸಾರವಿದೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಒಂದು 19 ಅಡಿಯ ದೋಣಿ, ಒಂದೇ ಆ್ಯಕ್ಸೆಲ್ಲಿನ ಟ್ರೇಲರ್, ಎರಡು ವಾರದ ರಜೆ. ದೋಣಿ ವರ್ಷದಲ್ಲಿ ಹನ್ನೊಂದು ತಿಂಗಳು ಹಿತ್ತಲಲ್ಲೇ ನಿಂತಿರುತ್ತದೆ. ಟೈರಿನ ಗೆರೆಗಳನ್ನು ನೋಡಿದರೆ ನಿನ್ನೆ ಅಂಗಡಿಯಿಂದ ತಂದಂತಿವೆ. ‘ಟೈರು ಚೆನ್ನಾಗಿದೆಯಲ್ಲ’ ಎಂದು ಒಂದು ಒದೆ ಕೊಟ್ಟು ಹೊರಟುಬಿಡುವವರೇ ಹೆಚ್ಚು.

ಮೋಸ ಇರುವುದು ಅಲ್ಲಿಯೇ. ಕಾರಿನ ಟೈರು ಓಡಿ ಸವೆದು ಸಾಯುತ್ತದೆ. ದೋಣಿ ಟ್ರೇಲರಿನ ಟೈರು ನಿಂತು ಮುದಿಯಾಗಿ ಸಾಯುತ್ತದೆ. ಬಿಸಿಲು, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಜೋನ್ ರಬ್ಬರನ್ನು ಒಳಗಿಂದೊಳಗೆ ಗಡಸಾಗಿಸುತ್ತವೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಗೆರೆ ಹೊಸದಾಗಿಯೇ ಇದ್ದರೂ ಒಳಗಿನ ಪದರಗಳ ಹಿಡಿತ ಸಡಿಲವಾಗಿರಬಹುದು. ಐದಾರು ವರ್ಷ ಕಳೆದ ಟ್ರೇಲರ್ ಟೈರನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ದೂರದ ಪ್ರಯಾಣಕ್ಕೆ ನಂಬಬಾರದು ಎಂಬುದು ಅನುಭವಿಗಳ ಮಾತು.

ಟೈರಿನ ವಯಸ್ಸು ತಿಳಿಯುವುದು ಹೇಗೆ? ಅದರ ಜಾತಕ ಅದರ ಮೈಮೇಲೆಯೇ ಇದೆ. ಅಮೆರಿಕದಲ್ಲಿ ಮಾರುವ ಪ್ರತಿ ಟೈರಿನ ಪಕ್ಕೆಯಲ್ಲೂ ‘ಡಿಓಟಿ’ ಎಂದು ಶುರುವಾಗುವ ಒಂದು ಸಾಲು ಅಚ್ಚಾಗಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಬೇಕು. 3521 ಎಂದಿದ್ದರೆ 2021ನೆಯ ವರ್ಷದ 35ನೆಯ ವಾರ ತಯಾರಾದದ್ದು ಎಂದರ್ಥ. ಈ ಪೂರ್ತಿ ಸಾಲು ಟೈರಿನ ಒಂದೇ ಪಕ್ಕಕ್ಕೆ ಇರುವುದೂ ಉಂಟು. ಆ ಪಕ್ಕ ಒಳಮುಖವಾಗಿದ್ದರೆ ಟಾರ್ಚು ಹಿಡಿದು ಟ್ರೇಲರಿನ ಅಡಿಗೆ ನುಸುಳಬೇಕಾಗುತ್ತದೆ. ಹೊಸ ಟೈರು ಕೊಳ್ಳುವಾಗಲೂ ಇದನ್ನು ನೋಡಿಯೇ ದುಡ್ಡು ಕೊಡುವುದು ಜಾಣತನ. ಗೋದಾಮಿನಲ್ಲಿ ಎರಡು ವರ್ಷ ಕುಳಿತ ಮಾಲು ಹೊಸದೆಂಬ ಬೆಲೆಗೆ ಯಾಕೆ?

ಇನ್ನು ಭಾರದ ಲೆಕ್ಕ. ದೋಣಿ ಮತ್ತು ಎಂಜಿನ್ ಸೇರಿ 1,050 ಕಿಲೊ ಎನ್ನೋಣ. ಟ್ಯಾಂಕಿನಲ್ಲಿ 150 ಲೀಟರ್ ಪೆಟ್ರೋಲು, ಅದರ ತೂಕ 110 ಕಿಲೊ. ಐಸ್ ಪೆಟ್ಟಿಗೆ, ಕುಡಿಯುವ ನೀರು, ಡೇರೆ, ಗಾಳಗಳು, ಮಕ್ಕಳ ಸಾಮಾನು ಎಂದು 200 ಕಿಲೊ. ಟ್ರೇಲರಿನದೇ ತೂಕ 300. ಒಟ್ಟು 1,660. ಇದರಲ್ಲಿ ಹತ್ತನೆಯ ಒಂದು ಪಾಲು ಮುಂದಿನ ಕೊಂಡಿಯ ಮೂಲಕ ಪಿಕಪ್ಪಿನ ಮೇಲೆ ಕೂರುತ್ತದೆ. ಉಳಿದ 1,494 ಕಿಲೊ ಎರಡು ಟೈರುಗಳ ಪಾಲು, ಒಂದೊಂದಕ್ಕೆ 747.

ಈ ಗಾತ್ರದ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 14 ಅಂಗುಲದ, 205 ಮಿ.ಮೀ. ಅಗಲದ, ‘ಸಿ’ ದರ್ಜೆಯ ಟೈರು. 50 ಪೌಂಡು ಗಾಳಿ ತುಂಬಿದಾಗ ಅದು ಹೊರಬಲ್ಲದ್ದು 798 ಕಿಲೊ. ಅಂದರೆ ಉಳಿದದ್ದು ಬರೇ 51 ಕಿಲೊ! ಐಸ್ ಪೆಟ್ಟಿಗೆಯನ್ನು ಒಂದೇ ಪಕ್ಕಕ್ಕೆ ಇಟ್ಟರೆ, ಇಲ್ಲವೇ ಗಾಳಿ ನಾಲ್ಕಾರು ಪೌಂಡು ಇಳಿದರೆ ಆ 51 ಕಿಲೊ ಎಲ್ಲಿ ಹೋಯಿತೆಂದು ಹುಡುಕಬೇಕು. ಅದೇ ಗಾತ್ರದಲ್ಲಿ ‘ಡಿ’ ದರ್ಜೆಯದು 65 ಪೌಂಡು ಗಾಳಿಯಲ್ಲಿ 925 ಕಿಲೊ ಹೊರುತ್ತದೆ. ಬೆಲೆಯಲ್ಲಿ ಭಾರಿ ವ್ಯತ್ಯಾಸವೇನೂ ಇಲ್ಲ. ಬಾಹಾದ ಹಾದಿಗೆ ಹೊರಟವರು ಯೋಚಿಸದೆ ‘ಡಿ’ ಹಾಕಿಸುವುದು ಒಳ್ಳೆಯದು. ಒಂದೆರಡು ಎಚ್ಚರಿಕೆ ಮಾತ್ರ: ರಿಮ್ಮು ಮತ್ತು ವಾಲ್ವು ಆ 65 ಪೌಂಡಿಗೆ ತಡೆಯುವಂಥವೇ ಎಂದು ಕೇಳಿಕೊಳ್ಳಬೇಕು. ಟೈರಿನ ದರ್ಜೆ ಏರಿಸಿದ ಮಾತ್ರಕ್ಕೆ ಆ್ಯಕ್ಸೆಲ್ಲಿನ ತಾಕತ್ತು ಏರುವುದಿಲ್ಲ. ಇಂಥ ಟ್ರೇಲರಿನ ಆ್ಯಕ್ಸೆಲ್ 1,588 ಕಿಲೊದಲ್ಲೇ ನಿಲ್ಲುವುದು ಸಾಮಾನ್ಯ. ಹೆಚ್ಚಿಗೆ ಸಿಕ್ಕ ತ್ರಾಣವನ್ನು ಹೊಸ ಸಾಮಾನು ತುಂಬಲು ಬಳಸಿದರೆ ಕಥೆ ಮತ್ತೆ ಮೊದಲಿಗೇ ಬಂತು.

ಕಾಗದದ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ. ಎಲ್ಲ ಸಾಮಾನು ತುಂಬಿ, ಟ್ರಕ್ಕುಗಳು ನಿಲ್ಲುವ ಬಂಕಿನ ವೇಬ್ರಿಡ್ಜಿಗೆ ಹೋಗಿ ತೂಗಿಸಿದಾಗ, ಅಂದಾಜಿಗಿಂತ ಕಡಿಮೆ ಬಂದ ಉದಾಹರಣೆ ಸಿಗುವುದು ಕಷ್ಟ.

ಮನೆಯಲ್ಲಿ ಬಿದ್ದಿದ್ದ ಕಾರಿನ ಟೈರನ್ನೇ ಟ್ರೇಲರಿಗೆ ಹಾಕಿಬಿಡುವವರೂ ಇದ್ದಾರೆ. ಕಾರಿನ ಟೈರಿನ ಪಕ್ಕೆ ಮೆತ್ತಗೆ. ಕೂತವರಿಗೆ ಕುಲುಕಾಟ ತಿಳಿಯಬಾರದೆಂದು ಹಾಗೆ ಮಾಡಿರುತ್ತಾರೆ. ಟ್ರೇಲರಿಗೆ ಹಾಕಿದಾಗ ಅದರ ಭಾರದ ಮಿತಿಯನ್ನು ಸುಮಾರು ಹತ್ತನೆಯ ಒಂದು ಭಾಗ ಇಳಿಸಿಯೇ ಲೆಕ್ಕ ಹಾಕಬೇಕೆಂಬ ನಿಯಮವಿದೆ. ಎತ್ತರದ ದೋಣಿಯನ್ನು ಅದರ ಮೇಲೆ ಕೂರಿಸಿದರೆ ತಿರುವಿನಲ್ಲಿ ಇಡೀ ಗಾಡಿ ತೊನೆಯುತ್ತದೆ. ‘ಎಸ್‌ಟಿ’ ಎಂಬ ಗುರುತಿನ ಟ್ರೇಲರ್ ಟೈರಿನ ಪಕ್ಕೆ ಗಟ್ಟಿ. ಆದರೆ ಅದಕ್ಕೂ ಒಂದು ದೌರ್ಬಲ್ಯವಿದೆ: ವೇಗ ಅದಕ್ಕಾಗದು. ವೇಗದ ಗುರುತು ಬೇರೆಯಾಗಿ ಅಚ್ಚಾಗಿಲ್ಲದ ಎಸ್‌ಟಿ ಟೈರಿಗೆ ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಗಡಿ. ಕ್ಯಾಲಿಫೋರ್ನಿಯಾದ ಕಾನೂನು ಟ್ರೇಲರ್ ಎಳೆಯುವವರಿಗೆ 55 ಮೈಲಿಗಿಂತ ಹೆಚ್ಚು ಓಡಿಸಲು ಬಿಡುವುದಿಲ್ಲ. ಗಡಿ ದಾಟಿದೊಡನೆ ಆ ಮಿತಿ ಮರೆತವರ ಟೈರುಗಳು ಮೊದಲು ಕೈಕೊಡುತ್ತವೆ.

ಯಾಂತೇರಾಗಳ ದಾರಿ

ಎನ್ಸೆನಾಡಾ ದಾಟಿ, ಸ್ಯಾನ್ ಕಿಂತಿನ್‌ನ ಟೊಮೆಟೊ ಹೊಲಗಳನ್ನು ದಾಟಿ ಎಲ್ ರೊಸಾರಿಯೊ ತಲುಪುವವರೆಗೆ ಊರುಗಳು ಒಂದರ ಹಿಂದೊಂದು ಬರುತ್ತವೆ. ಪ್ರತಿ ಊರಿನಲ್ಲೂ ಒಂದಲ್ಲ ಒಂದು ‘ಯಾಂತೇರಾ’ ಕಣ್ಣಿಗೆ ಬೀಳುತ್ತದೆ. ರಸ್ತೆಯಂಚಿಗೆ ನಿಲ್ಲಿಸಿದ ಹಳೆಯ ಲಾರಿ ಟೈರು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು, ಹಿಂದೊಂದು ತಗಡಿನ ಮಾಡು, ಗಾಳಿ ಹೊಡೆಯುವ ಯಂತ್ರ. ನಮ್ಮ ಹೆದ್ದಾರಿಗಳ ಪಂಕ್ಚರ್ ಅಂಗಡಿಯನ್ನು ಎತ್ತಿ ಅಲ್ಲಿಟ್ಟಂತೆ! ಕೆಲಸವೂ ಅಷ್ಟೇ ಚುರುಕು. ಮೊಳೆ ಚುಚ್ಚಿದ ಟೈರು ಅಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಸಿದ್ಧ.

ಆದರೆ ಸಿಡಿದು ಹರಿದ ಟೈರಿಗೆ ಯಾಂತೇರಾದವನು ಏನು ಮಾಡಿಯಾನು? ಸುತ್ತಮುತ್ತ ಓಡುವ ಪಿಕಪ್ಪು, ಟ್ರಕ್ಕುಗಳ ಟೈರು ಅವನಲ್ಲಿರುತ್ತದೆ. ದೋಣಿ ಟ್ರೇಲರಿನ 14 ಅಂಗುಲದ ‘ಡಿ’ ದರ್ಜೆ ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ಆದ್ದರಿಂದ ಈ ದಾರಿಯ ಹಳಬರು ಒಂದಲ್ಲ, ಎರಡು ಸ್ಟೆಪ್ನಿ ಕಟ್ಟಿಕೊಳ್ಳುತ್ತಾರೆ. ಇನ್ನೂ ದೂರ ಯೋಚಿಸುವವರು ಟ್ರೇಲರಿಗೂ ಪಿಕಪ್ಪಿಗೂ ಒಂದೇ ಅಳತೆಯ ಚಕ್ರ, ಒಂದೇ ಬಗೆಯ ನಟ್ಟು ಕೂರುವಂತೆ ಮಾಡಿಸಿ, ಒಂದರ ಸ್ಟೆಪ್ನಿ ಇನ್ನೊಂದಕ್ಕೂ ಆಗುವಂತೆ ನೋಡಿಕೊಳ್ಳುತ್ತಾರೆ. ಜಾಕಿನ ವಿಷಯವನ್ನು ಮರೆಯುವವರೇ ಬಹಳ. ಪಿಕಪ್ಪಿನ ಜಾಕು ಟ್ರೇಲರಿನ ಅಡಿಗೆ ಹೋಗದಿರಬಹುದು, ನಟ್ಟಿನ ಪಾನೆಯ ಅಳತೆ ಬೇರೆ ಇರಬಹುದು. ಮನೆಯಲ್ಲೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ನೋಡಿದವರಿಗೆ ಮಾತ್ರ ಇದು ಗೊತ್ತಿರುತ್ತದೆ.

ಎಲ್ ರೊಸಾರಿಯೊದಲ್ಲಿ ರಸ್ತೆ ಸಾಗರಕ್ಕೆ ಬೆನ್ನು ಹಾಕಿ ಒಳನಾಡಿಗೆ ತಿರುಗುತ್ತದೆ. ಇಲ್ಲಿಂದ ಮುಂದೆ ಸುಮಾರು 300 ಕಿ.ಮೀ. ಪೆಟ್ರೋಲ್ ಬಂಕನ್ನು ನೆಚ್ಚಿಕೊಳ್ಳುವಂತಿಲ್ಲ. ಕತವೀನ್ಯಾದಲ್ಲಿ ಡ್ರಮ್ಮಿನಿಂದ ಪೆಟ್ರೋಲು ಅಳೆದು ಮಾರುವುದು ಎಷ್ಟೋ ವರ್ಷಗಳ ವಹಿವಾಟು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮೀರುತ್ತದೆ, ಡಾಂಬರು ಅದಕ್ಕಿಂತ ಬಿಸಿ. ಪ್ರತಿ ಸುತ್ತಿನಲ್ಲೂ ಟೈರಿನ ಪಕ್ಕೆ ಬಾಗಿ ನೆಟ್ಟಗಾಗುತ್ತಿರುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಬಾಗುವುದು ಹೆಚ್ಚು, ಬಾಗಿದಷ್ಟೂ ಬಿಸಿ ಹೆಚ್ಚು. ಬಿಸಿ ಹೆಚ್ಚಾದರೆ ಪದರಗಳನ್ನು ಅಂಟಿಸಿದ ರಬ್ಬರು ಬಿಡುತ್ತದೆ. ಟ್ರೇಲರ್ ಟೈರನ್ನು ಮುಗಿಸುವುದು ಹೆಚ್ಚಾಗಿ ಮೊಳೆಯಲ್ಲ, ಈ ಕಾವು.

ಗಂಟೆಗೊಮ್ಮೆ ಎಲ್ಲಾದರೂ ಅಗಲವಾದ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಚಾಲಕ ಇಳಿದು ಎರಡೂ ಟೈರಿನ ಪಕ್ಕೆಗೆ, ನಡುವಿನ ಹಬ್ಬಿಗೆ ಅಂಗೈ ತಾಗಿಸಿ ನೋಡುತ್ತಾನೆ. ಜ್ವರ ನೋಡಿದಂತೆ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಏನೋ ಕೆಟ್ಟಿದೆ. ಈಗೀಗ ವಾಲ್ವಿನ ಮುಚ್ಚಳದಂತೆಯೇ ತಿರುಗಿಸಿ ಕೂರಿಸುವ ಸಣ್ಣ ಸೆನ್ಸರ್ ಬಂದಿದೆ. ಗಾಳಿ, ಕಾವು ಎರಡನ್ನೂ ಚಾಲಕನ ಎದುರಿನ ಪರದೆಗೆ ಕಳಿಸುತ್ತದೆ. ಒಳ್ಳೆಯ ಸಾಧನವೇ. ಆದರೆ ಪಕ್ಕೆಯ ಬಿರುಕನ್ನೂ ಸಡಿಲಗೊಂಡ ನಟ್ಟನ್ನೂ ಅದು ಹೇಳಲಾರದು. ಅಂದಹಾಗೆ, ಬಿಸಿಯಾದ ಟೈರಿನಲ್ಲಿ ಗಾಳಿ ಏರಿದ್ದು ಕಂಡು ಸ್ವಲ್ಪ ಬಿಡುವ ಅಭ್ಯಾಸ ಹಲವರಿಗಿದೆ. ಅದು ತಪ್ಪು. ಆ ಏರಿಕೆಯನ್ನು ಎಣಿಸಿಯೇ ಟೈರು ಮಾಡಿರುತ್ತಾರೆ. ಬಿಟ್ಟರೆ ಮರುದಿನ ಬೆಳಿಗ್ಗೆ ತಣ್ಣಗಾದ ಟೈರಿನಲ್ಲಿ ಗಾಳಿ ಸಾಲದೆ ಹೋಗುತ್ತದೆ.

ತೀರಾ ಕೈಸೋತವರಿಗೆ ‘ಹಸಿರು ದೇವತೆ’ಗಳಿದ್ದಾರೆ. ಮೆಕ್ಸಿಕೊದ ಪ್ರವಾಸೋದ್ಯಮ ಇಲಾಖೆಯ ಹಸಿರು ಬಣ್ಣದ ವಾಹನಗಳಿಗೆ ಆ ಹೆಸರು. ಹೆದ್ದಾರಿಗಳಲ್ಲಿ ಗಸ್ತು ತಿರುಗುತ್ತ, ಕೆಟ್ಟು ನಿಂತವರಿಗೆ ನೆರವಾಗುತ್ತವೆ. ಕೂಲಿ ಕೇಳುವುದಿಲ್ಲ, ಬಿಡಿಭಾಗಕ್ಕೆ, ಇಂಧನಕ್ಕೆ ಮಾತ್ರ ಹಣ. ಆದರೆ ಇಲ್ಲದ ಟೈರನ್ನು ದೇವತೆಗಳೂ ಕೊಡಲಾರರು.

ಕತವೀನ್ಯಾದಿಂದ ಮುಂದೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ತಿರುಗಿ ಸುಮಾರು 65 ಕಿ.ಮೀ. ಹೋದರೆ ಬಹಿಯಾ ದೆ ಲೋಸ್ ಆಂಹೆಲೆಸ್, ದೇವದೂತರ ಕೊಲ್ಲಿ. ಕೊನೆಯ ಏರಿನ ನೆತ್ತಿಯಲ್ಲಿ ತಟ್ಟನೆ ನೀಲಿ ನೀರು, ಅದರ ತುಂಬ ಕಂದು ದ್ವೀಪಗಳು ಕಾಣಿಸಿದಾಗ ಹಿಂದಿನ ಸೀಟಿನ ಮಕ್ಕಳು ಕೂಗಿಕೊಳ್ಳದಿದ್ದರೆ ಆಶ್ಚರ್ಯ. ನೇರ ದಕ್ಷಿಣಕ್ಕೆ ಹೋಗುವವರಿಗೆ ಉಪ್ಪಿನ ಗದ್ದೆಗಳ ಗೆರೆರೊ ನೆಗ್ರೊ ಸಿಗುತ್ತದೆ. ಚಳಿಗಾಲದಲ್ಲಿ ಅಲ್ಲಿನ ಹಿನ್ನೀರಿಗೆ ಬೂದು ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. ಆಮೇಲೆ ಖರ್ಜೂರದ ತೋಪಿನ ಸ್ಯಾನ್ ಇಗ್ನಾಸಿಯೊ.

ಅಲ್ಲಿಂದ ಪೂರ್ವದ ಕಡಲಿಗೆ ಇಳಿಯುವ ಘಾಟಿಗೆ ‘ಕುಯೆಸ್ತಾ ದೆಲ್ ಇನ್ಫಿಯೆರ್ನೊ’, ನರಕದ ಇಳಿಜಾರು ಎಂದೇ ಹೆಸರು. ಹಿಂದಿನಿಂದ ದೋಣಿ ತಳ್ಳುತ್ತಿರುತ್ತದೆ, ಮುಂದೆ ತಿರುವು. ಕೆಳಗಿನ ಗೇರಿನಲ್ಲಿ ಇಳಿಯಬೇಕೇ ಹೊರತು ಬ್ರೇಕ್ ತುಳಿದುಕೊಂಡೇ ಇಳಿದರೆ ಡ್ರಮ್ಮು, ಹಬ್ಬು, ಟೈರು ಎಲ್ಲ ಕಾದು ಕೆಂಡವಾಗುತ್ತವೆ. ಕೆಳಗೆ ಸಿಗುವ ಸಾಂತಾ ರೊಸಾಲಿಯಾ ತಾಮ್ರದ ಗಣಿಗಾಗಿ ಫ್ರೆಂಚ್ ಕಂಪನಿಯೊಂದು 1885ರಲ್ಲಿ ಕಟ್ಟಿಸಿದ ಊರು. ಅಲ್ಲಿನ ಕಬ್ಬಿಣದ ಚರ್ಚಿನ ಜೊತೆಗೆ ಪ್ಯಾರಿಸ್ ಗೋಪುರದ ಐಫೆಲ್‌ನ ಹೆಸರು ಸೇರಿಕೊಂಡಿದೆ.

ನೀರು ಕಂಡ ಆತುರ

ಇಷ್ಟು ದೂರ ಸುರಕ್ಷಿತವಾಗಿ ಬಂದವರೂ ಎಡವುವುದು ಇಲ್ಲಿ. ನೀರು ಕಂಡೊಡನೆ ಟ್ರೇಲರನ್ನು ಹಿಂದಕ್ಕೆ ನಡೆಸಿ ದೋಣಿ ಇಳಿಸುವ ಅವಸರ. ದಿನವಿಡೀ ಓಡಿ ಕಾದ ಹಬ್ಬನ್ನು ತಣ್ಣನೆಯ ನೀರಿಗೆ ಅದ್ದಿದರೆ ಒಳಗಿನ ಗಾಳಿ ಸಂಕುಚಿಸಿ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಗ್ರೀಸು ಹಾಲಿನಂತೆ ಬೆಳ್ಳಗಾಗುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ. ಇದರ ಫಲ ಕಾಣುವುದು ಅಂದಲ್ಲ; ಹತ್ತು ದಿನ ಕಳೆದು ಮರಳುವಾಗ, ಅದೇ ಕತವೀನ್ಯಾದ ಬಂಡೆಗಳ ನಡುವೆ. ಬೇರಿಂಗು ಹೋದರೆ ಅದರ ಕಾವು ಟೈರಿಗೂ ಏರುತ್ತದೆ, ಚಕ್ರವೇ ಕಳಚಿಕೊಂಡು ಹೋಗುವುದೂ ಉಂಟು. ತಿಳಿದವರು ದಡದಲ್ಲಿ ಗಾಡಿ ನಿಲ್ಲಿಸಿ, ಅರ್ಧ ಗಂಟೆಯೋ ಒಂದು ಗಂಟೆಯೋ ಊಟ ಮಾಡುತ್ತ ಹಬ್ಬು ಆರುವವರೆಗೆ ಕಾಯುತ್ತಾರೆ. ಹೇಗೂ ಕೊಲ್ಲಿಯ ಉತ್ತರ ಭಾಗದಲ್ಲಿ ಭರತ-ಇಳಿತ ದೊಡ್ಡದು. ದೋಣಿ ಇಳಿಸಲು ನೀರೇರುವುದನ್ನು ಕಾಯಬೇಕಾದ ದಿನಗಳೂ ಇರುತ್ತವೆ. ಗ್ರೀಸು ತುಂಬಿ ಸಿದ್ಧವಾದ ಒಂದು ಹಬ್ಬನ್ನೇ ಡಬ್ಬಿಯಲ್ಲಿ ಜೊತೆಗೆ ತರುವವರು ಇನ್ನೂ ಜಾಣರು.

ದೋಣಿ ಇಳಿದ ಮೇಲೆ ಖಾಲಿ ಟ್ರೇಲರಿಗೆ ಸಿಹಿನೀರಿನ ಸ್ನಾನವಾಗಬೇಕು. ಮರುಭೂಮಿಯ ಊರಿನಲ್ಲಿ ಸಿಹಿನೀರು ಪುಕ್ಕಟೆ ಸಿಗುವುದಲ್ಲ; ಎರಡು ಬಕೆಟ್ಟಿನಲ್ಲಿ ರಿಮ್ಮು, ಸ್ಪ್ರಿಂಗು, ನಟ್ಟುಗಳ ಉಪ್ಪು ತೊಳೆದರೆ ಸಾಕು. ಆಮೇಲೆ ಟೈರುಗಳಿಗೆ ಬಿಸಿಲು ತಾಗದಂತೆ ಒಂದು ಹಳೆಯ ಟಾರ್ಪಾಲಿನ ತುಂಡು ಹೊದಿಸಿಟ್ಟು, ಸಂಸಾರ ಕಡಲಿಗೆ ನಡೆಯುತ್ತದೆ. ಮುಂದಿನ ಹತ್ತು ದಿನ ಟೈರಿನ ನೆನಪು ಯಾರಿಗೂ ಇರುವುದಿಲ್ಲ.

ಹೊರಡುವ ದಿನ ಬೆಳಗಿನ ಜಾವಕ್ಕೇ ಎದ್ದು, ಬಿಸಿಲು ಏರುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡುತ್ತಾರೆ. 65 ಇರಬೇಕಾದಲ್ಲಿ ಒಂದರಲ್ಲಿ 61. ಕಾಲಿನಿಂದ ತುಳಿಯುವ ಪಂಪಿನಲ್ಲಿ ದೊಡ್ಡ ಮಗ ಏದುಸಿರು ಬಿಡುತ್ತ ನಾಲ್ಕು ಪೌಂಡು ಏರಿಸುತ್ತಾನೆ. ನಟ್ಟುಗಳನ್ನು ಒಂದು ಸುತ್ತು ಬಿಗಿ ನೋಡಿದ ಮೇಲೆ, ಯಾರೂ ನೋಡದ ಸ್ಟೆಪ್ನಿಗಳ ಸರದಿ. ಹೊದಿಕೆ ಬಿಚ್ಚಿ ಅವೆರಡರ ಗಾಳಿಯನ್ನೂ ನೋಡಿ, ಮತ್ತೆ ಕಟ್ಟಿ, ಪಿಕಪ್ಪು ಉತ್ತರಕ್ಕೆ ಮುಖ ಮಾಡುತ್ತದೆ. ಮುಂದೆ ಮತ್ತದೇ ಏರು, ಬಂಡೆ, ಸಿರಿಯೊ ಮರಗಳು. ಹಿಂದೆ ಉಪ್ಪಿನ ಕಲೆಯ ಬಿಳಿಯ ದೋಣಿ.